ರೋಹಿಣಿ ಮಳೆಗೆ ಮೊದಲು ಯಾವ ವೈಪರ್ ಬ್ಲೇಡ್ ಹಾಕಬೇಕು?

ಪುನರ್ವಸು ಮಳೆ ಹೊಡೆಯುತ್ತಿದ್ದ ಒಂದು ಸಂಜೆಗತ್ತಲಲ್ಲಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ಅದರ ದೀಪ ನನ್ನ ಕಾರಿನ ಗಾಜಿಗೆ ಬಿದ್ದದ್ದೇ ತಡ, ರಸ್ತೆಯೇ ಕಾಣದಾಯಿತು. ವೈಪರ್ ಓಡುತ್ತಲೇ ಇತ್ತು. ಆದರೆ ಸರಿಯಾಗಿ ನನ್ನ ಕಣ್ಣಿನ ಮಟ್ಟದಲ್ಲಿ ಮೂರು ಬೆರಳಗಲದ ಒಂದು ಕಮಾನನ್ನು ಅದು ಒರೆಸದೆ ಬಿಡುತ್ತಿತ್ತು. ಹಗಲಿನ ತುಂತುರು ಮಳೆಯಲ್ಲಿ, ಊರೊಳಗಿನ ಓಡಾಟದಲ್ಲಿ ಆ ಕಮಾನನ್ನು ನಾನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಕತ್ತಲಲ್ಲಿ ಎದುರಿನ ದೀಪ ಬಿದ್ದಾಗ ಅಲ್ಲಿ ನಿಂತಿದ್ದ ನೀರು ಬೆಳಕನ್ನು ನೂರು ಕಡೆಗೆ ಚೆಲ್ಲಿ, ಕಣ್ಣಿಗೆ ಬಿಳಿ ಪರದೆ ಎಳೆದಂತೆ ಮಾಡಿತು. ಪಕ್ಕದಲ್ಲಿ ಕಣಿವೆ, ಹಿಂದಿನ ಸೀಟಿನಲ್ಲಿ ಮಕ್ಕಳು. ಬಸ್ಸು ದಾಟಿದ ಮೇಲೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಟವೆಲ್ಲಿನಿಂದ ಗಾಜು ಒರೆಸಿಕೊಂಡು, ಮಳೆ ಸ್ವಲ್ಪ ತಗ್ಗುವವರೆಗೆ ಅಲ್ಲಿಯೇ ಕುಳಿತೆ.

ಆ ಕಾರಿನಲ್ಲಿದ್ದದ್ದು ಅಗ್ಗದ ಬ್ಲೇಡ್ ಅಲ್ಲ. ಎರಡು ಪಟ್ಟು ಹಣ ಕೊಟ್ಟು ತಂದ, ಲೋಹದ ಚೌಕಟ್ಟಿಲ್ಲದ ಫ್ರೇಮ್‌ಲೆಸ್ ಜೋಡಿ. ಆದರೆ ಅದಕ್ಕದು ಮೂರನೇ ಮಳೆಗಾಲ. ಒಳ್ಳೆಯದನ್ನು ಹಾಕಿಸಿದ್ದೇನೆ, ಬಹಳ ದಿನ ಬರುತ್ತದೆ ಎಂದುಕೊಂಡದ್ದೇ ನನ್ನ ತಪ್ಪಾಗಿತ್ತು. ಆಮೇಲೆ ಒಂದೊಂದು ಮಳೆಗಾಲಕ್ಕೆ ಒಂದೊಂದು ಬಗೆಯ ಬ್ಲೇಡ್ ಹಾಕಿ ನೋಡಿದೆ. ನನಗೆ ಸ್ಪಷ್ಟವಾದ ಮಾತು ಇಷ್ಟು: ಬ್ಲೇಡಿನ ಆಕಾರಕ್ಕಿಂತ, ಬೆಲೆಗಿಂತ ಮೊದಲು ಕೇಳಬೇಕಾದದ್ದು ನಿಮ್ಮ ಊರಿನಲ್ಲಿ ವೈಪರಿನ ರಬ್ಬರು ಯಾವುದರಿಂದ ಹಾಳಾಗುತ್ತದೆ ಎಂಬುದನ್ನು. ಸವೆತದಿಂದಲೋ, ಬಿಸಿಲಿನಿಂದಲೋ, ಧೂಳಿನಿಂದಲೋ? ಅದು ಗೊತ್ತಾದರೆ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ.

ತಪ್ಪು ಬ್ಲೇಡಿನದೋ, ಗಾಜಿನದೋ?

ಅಂಗಡಿಗೆ ಹೋಗುವ ಮೊದಲು ಗಾಜಿಗೆ ನೀರು ಹಾಕಿ ವೈಪರ್ ಓಡಿಸಿ, ಒಳಗೆ ಕುಳಿತು ನೋಡಿ. ಕೂದಲೆಳೆಯಂಥ ಒಂದೆರಡು ಗೆರೆಗಳು ಪ್ರತಿ ಸಲವೂ ಅದೇ ಜಾಗದಲ್ಲಿ ಉಳಿಯುತ್ತಿದ್ದರೆ ರಬ್ಬರಿನ ಅಂಚು ಅಲ್ಲಿ ಹರಿದಿದೆ, ಇಲ್ಲವೇ ಮರಳಿನ ಕಣ ಸಿಕ್ಕಿಕೊಂಡಿದೆ. ಒದ್ದೆ ಬಟ್ಟೆಯಲ್ಲಿ ರಬ್ಬರನ್ನು ಒರೆಸಿ ಮತ್ತೆ ನೋಡಿ. ಬಟ್ಟೆ ಮಸಿ ಮೆತ್ತಿಕೊಂಡಂತೆ ಕಪ್ಪಾಗಿ, ಗೆರೆ ಮಾಯವಾಗಿದ್ದರೆ ಹಣ ಉಳಿಯಿತು. ನನಗೆ ಚಾರ್ಮಾಡಿಯಲ್ಲಿ ಆದಂತೆ ಅಗಲವಾದ ಪಟ್ಟಿಯೇ ಉಳಿದರೆ ಬ್ಲೇಡಿನ ಒತ್ತಡ ಅಲ್ಲಿ ಸತ್ತಿದೆ ಎಂದರ್ಥ. ಅದಕ್ಕೆ ಬದಲಾಯಿಸುವುದೊಂದೇ ದಾರಿ. ಒಂದು ದಿಕ್ಕಿಗೆ ನುಣ್ಣಗೆ ಹೋಗಿ, ವಾಪಸು ಬರುವಾಗ ಟಕಟಕ ಕುಣಿಯುತ್ತಿದ್ದರೆ ರಬ್ಬರು ಗಟ್ಟಿಯಾಗಿ ಒಂದೇ ಕಡೆಗೆ ಬಾಗಿ ನಿಂತಿದೆ. ಒರೆಸುವ ಅಂಚು ಹೋಗುವಾಗ ಒಂದು ಕಡೆಗೆ, ಬರುವಾಗ ಇನ್ನೊಂದು ಕಡೆಗೆ ಮಗುಚಿಕೊಳ್ಳಬೇಕು. ವೈಪರಿನ ಜೀವವೇ ಆ ಮಗುಚುವಿಕೆಯಲ್ಲಿದೆ. ಹೊಸ ರಬ್ಬರು ಹಾಕಿದ ಮೇಲೂ ಕುಣಿತ ನಿಲ್ಲದಿದ್ದರೆ ಬ್ಲೇಡನ್ನು ಹಿಡಿದಿರುವ ತೋಳು, ಅಂದರೆ ಆರ್ಮ್, ತಿರುಚಿಕೊಂಡಿರಬಹುದು. ಅದನ್ನು ಮೆಕ್ಯಾನಿಕ್ ನೋಡಿ ಸರಿಮಾಡಬೇಕು.

ಇಡೀ ಗಾಜು ಮಬ್ಬಾಗಿ, ಎಣ್ಣೆ ಸವರಿದಂತೆ ಕಾಣುತ್ತಿದ್ದರೆ ಬ್ಲೇಡಿನ ತಪ್ಪಲ್ಲ. ಡೀಸೆಲ್ ಹೊಗೆಯ ಜಿಡ್ಡು, ಕಾರು ತೊಳೆಯುವಲ್ಲಿ ಹಚ್ಚಿದ ಪಾಲಿಶ್, ಮರದ ಅಂಟು ಎಲ್ಲ ಸೇರಿ ಗಾಜಿನ ಮೇಲೆ ಪದರ ಕಟ್ಟಿರುತ್ತವೆ. ತೆಳ್ಳನೆಯ ಪ್ಲಾಸ್ಟಿಕ್ ಕೊಟ್ಟೆಯೊಂದನ್ನು ಬೆರಳುಗಳಿಗೆ ಹಾಕಿಕೊಂಡು ತೊಳೆದ ಗಾಜಿನ ಮೇಲೆ ಆಡಿಸಿ. ಬರಿಗೈಗೆ ನುಣುಪಾಗಿ ತೋರಿದ ಗಾಜು ಆಗ ಉಪ್ಪುಕಾಗದದಂತೆ ಚರಚರ ಎನ್ನುವುದು ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿನಿಂದ ಕಾರು ತೊಳೆಯುವವರ ಗಾಜಿನ ಮೇಲೆ ಗಡಸು ನೀರಿನ ಬಿಳಿ ಕಲೆ ಸಾಮಾನ್ಯ. ನೀರಿನಲ್ಲಿ ಬೆರೆಸಿದ ವಿನೆಗರ್ ಹಚ್ಚಿ, ಐದು ನಿಮಿಷ ಬಿಟ್ಟು, ಉಜ್ಜಿ ಚೆನ್ನಾಗಿ ತೊಳೆದರೆ ಬಹುಪಾಲು ಹೋಗುತ್ತದೆ. ಈ ಕೆಲಸ ಮಾಡದೆ ಹೊಸ ಬ್ಲೇಡ್ ಹಾಕುವುದು ಕೊಳಕು ನೆಲದ ಮೇಲೆ ಹೊಸ ಚಾಪೆ ಹಾಸಿದಂತೆ. ಆ ಒರಟು ಪದರವೇ ಹೊಸ ರಬ್ಬರಿನ ಅಂಚನ್ನು ತಿಂದುಹಾಕುತ್ತದೆ.

ಫ್ರೇಮ್, ಫ್ರೇಮ್‌ಲೆಸ್, ಹೈಬ್ರಿಡ್

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಹಳೆಯದು, ಎಲ್ಲರೂ ನೋಡಿರುವುದು, ಲೋಹದ ಫ್ರೇಮ್ ಇರುವ ಬ್ಲೇಡ್. ಮೇಲೊಂದು ದೊಡ್ಡ ಕಮಾನು, ಅದರ ಕೆಳಗೆ ಕೀಲುಗಳಿಂದ ಜೋಡಿಸಿದ ಚಿಕ್ಕ ಕಮಾನುಗಳು, ಅವುಗಳ ಉಗುರುಗಳು ರಬ್ಬರನ್ನು ಆರೆಂಟು ಕಡೆ ಹಿಡಿದುಕೊಂಡಿರುತ್ತವೆ. ಕೀಲುಗಳಿರುವುದರಿಂದ ಗಾಜು ಹೇಗೆ ಬಾಗಿದ್ದರೂ ಇದು ಹೊಂದಿಕೊಳ್ಳುತ್ತದೆ. ಇದರ ದೊಡ್ಡ ಗುಣವೇ ಅದು. ದೋಷವಿರುವುದೂ ಆ ಕೀಲುಗಳಲ್ಲಿಯೇ. ಕರಾವಳಿಯ ಉಪ್ಪುಗಾಳಿಗೆ ಅವು ತುಕ್ಕು ಹಿಡಿಯುತ್ತವೆ, ಕೆಂಪುಮಣ್ಣಿನ ಧೂಳು ಸೇರಿ ಬಿಗಿಯುತ್ತವೆ. ಒಂದು ಕೀಲು ಬಿಗಿದರೆ ಆ ತುಂಡಿನಷ್ಟು ಜಾಗ ಒರೆಸದೆ ಉಳಿಯುತ್ತದೆ.

ಎರಡನೆಯದು ಫ್ರೇಮ್‌ಲೆಸ್. 1999ರಲ್ಲಿ ಬಾಷ್ ಕಂಪನಿ ಏರೋಟ್ವಿನ್ ಎಂಬ ಹೆಸರಿನಲ್ಲಿ ತಂದದ್ದು ಈ ಬಗೆ. ಇದರಲ್ಲಿ ಕೀಲುಗಳಿಲ್ಲ. ರಬ್ಬರಿನ ಉದ್ದಕ್ಕೂ ಮೊದಲೇ ಬಾಗಿಸಿದ ಸ್ಪ್ರಿಂಗ್ ಉಕ್ಕಿನ ಪಟ್ಟಿ ಇರುತ್ತದೆ. ಗಾಜಿಗೆ ಒತ್ತಿದಾಗ ನೆಟ್ಟಗಾಗುವ ಅದು ಮತ್ತೆ ತನ್ನ ಬಾಗಿಗೆ ಮರಳಲು ಹೋಗಿ ಉದ್ದಕ್ಕೂ ಒಂದೇ ಸಮ ಒತ್ತುತ್ತದೆ. ಮೈ ಚಪ್ಪಟೆಯಾಗಿರುವುದರಿಂದ ವೇಗವಾಗಿ ಓಡುವಾಗ ಗಾಳಿ ಇದನ್ನು ಎತ್ತುವುದು ಕಡಿಮೆ. ಹಾಸನ ದಾಟಿ ಅಗಲ ರಸ್ತೆಯಲ್ಲಿ ನೂರರ ಆಸುಪಾಸು ಹೋಗುವಾಗ ಹಳೆಯ ಫ್ರೇಮ್ ಬ್ಲೇಡ್ ಗಾಜಿನಿಂದ ಎದ್ದು ತೇಲುವುದನ್ನು ನಾನೇ ನೋಡಿದ್ದೇನೆ. ಇದರಲ್ಲಿ ಆ ತೊಂದರೆ ಕಾಣಲಿಲ್ಲ. ಆದರೆ ಒಂದು ಎಚ್ಚರಿಕೆ. ಉಕ್ಕಿನ ಪಟ್ಟಿಯ ಬಾಗು ನಿಮ್ಮ ಗಾಜಿನ ಬಾಗಿಗೆ ಸರಿಹೊಂದಬೇಕು. ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವ ಬ್ಲೇಡುಗಳಲ್ಲಿ ತುದಿಗಳೆರಡೂ ಗಾಜಿಗೆ ತಾಗದೆ ನಿಲ್ಲುವುದುಂಟು. ಅಂಗಡಿಯ ಮುಂದೆಯೇ ಹಾಕಿಸಿ, ಬದಿಯಿಂದ ಬಗ್ಗಿ ನೋಡಿ. ರಬ್ಬರು ಮತ್ತು ಗಾಜಿನ ನಡುವೆ ತುದಿಯಲ್ಲಿ ಬೆಳಕು ಕಂಡರೆ ಬೇಡವೆನ್ನಿ. ವರ್ಷಗಳು ಕಳೆದಂತೆ ಪಟ್ಟಿ ತನ್ನ ಬಾಗನ್ನು ಕಳೆದುಕೊಳ್ಳಲೂಬಹುದು. ನನ್ನದಕ್ಕೆ ಆಗಿದ್ದದ್ದು ಅದೇ.

ಮೂರನೆಯದು ಹೈಬ್ರಿಡ್. ಒಳಗೆ ಕೀಲಿರುವ ಫ್ರೇಮ್, ಹೊರಗೆ ಪ್ಲಾಸ್ಟಿಕ್ ಹೊದಿಕೆ. ಕೀಲಿಗೆ ಧೂಳು, ನೀರು ಕಡಿಮೆ ಸೇರುತ್ತದೆ, ಗಾಳಿಗೂ ತಡೆಯುತ್ತದೆ. ಕಾರು ಬರುವಾಗಲೇ ಇದು ಇದ್ದರೆ ಅದನ್ನೇ ಮುಂದುವರಿಸಿ. ಹೊಸದಾಗಿ ಇದಕ್ಕೆ ಬದಲಾಗಲು ನನಗೆ ಬಲವಾದ ಕಾರಣ ಕಂಡಿಲ್ಲ.

ಇವಲ್ಲದೆ ಇನ್ನೊಂದು ದಾರಿ ಇದೆ, ಈಗ ಹಲವರು ಮರೆತೇಬಿಟ್ಟಿದ್ದಾರೆ: ರಬ್ಬರನ್ನು ಮಾತ್ರ ಬದಲಾಯಿಸುವುದು. ಫ್ರೇಮ್ ಗಟ್ಟಿಯಿದ್ದು ಕೀಲುಗಳು ಸರಾಗವಾಗಿ ಆಡುತ್ತಿದ್ದರೆ ಹಳೆಯ ರಬ್ಬರನ್ನು ಎಳೆದು ಹೊಸದನ್ನು ತೂರಿಸಬಹುದು. ಎಲ್ಲಕ್ಕಿಂತ ಅಗ್ಗ, ಕಸವೂ ಕಡಿಮೆ. ಹಳೆಯ ರಬ್ಬರಿನೊಳಗಿನ ಎರಡು ತೆಳು ಉಕ್ಕಿನ ಪಟ್ಟಿಗಳನ್ನು ಮಾತ್ರ ಎಸೆಯಬೇಡಿ. ಹೊಸ ರಬ್ಬರಿನ ಜೊತೆ ಪಟ್ಟಿ ಬಾರದಿದ್ದರೆ ಅವೇ ಬೇಕು. ಅವುಗಳಲ್ಲಿರುವ ಚಿಕ್ಕ ಕಚ್ಚು ಯಾವ ಕಡೆಗಿತ್ತು ಎಂದು ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಕೊನೆಯ ಉಗುರಿನಲ್ಲಿ ರಬ್ಬರು ಕಚ್ಚಿಕೊಳ್ಳದಿದ್ದರೆ ಓಡುವಾಗ ಹಾವಿನಂತೆ ಜಾರಿ ಹೊರಬರುತ್ತದೆ, ಬರಿ ಲೋಹ ಗಾಜಿಗೆ ಉಜ್ಜುತ್ತದೆ. ಒಮ್ಮೆ ಬಿದ್ದ ಆ ಗೀರು ಮತ್ತೆ ಹೋಗುವುದಿಲ್ಲ.

ರಬ್ಬರೋ, ಸಿಲಿಕೋನೋ?

ಕಾಗದದ ಕಟ್ಟಿಗೆ ಹಾಕಿ ಕಿಟಕಿಯ ಬಳಿ ಬಿಟ್ಟ ರಬ್ಬರ್ ಬ್ಯಾಂಡ್ ಕೆಲವು ತಿಂಗಳ ನಂತರ ಮುಟ್ಟಿದರೆ ಪುಡಿಪುಡಿಯಾಗುತ್ತದಲ್ಲ, ವೈಪರಿಗೂ ಆಗುವುದು ಅದೇ. ಗಾಳಿಯಲ್ಲಿರುವ ಓಝೋನ್ ಮತ್ತು ಬಿಸಿಲಿನ ನೇರಳಾತೀತ ಕಿರಣ ಸ್ವಾಭಾವಿಕ ರಬ್ಬರನ್ನು ಒಡೆಯುತ್ತವೆ, ಅದರಲ್ಲೂ ಬಾಗಿ ಎಳೆತಕ್ಕೆ ಸಿಕ್ಕ ಜಾಗವನ್ನು. ಮಳೆಯಿಲ್ಲದ ಎಂಟು ತಿಂಗಳು ಬ್ಲೇಡ್ ಒಂದೇ ಕಡೆಗೆ ಬಾಗಿಕೊಂಡು ಬಿಸಿಗಾಜಿನ ಮೇಲೆ ಮಲಗಿರುತ್ತದೆ. ಉಪಯೋಗಿಸದಿದ್ದರೂ ಹಾಳಾಗುವ ವಸ್ತು ಇದು.

ಸ್ವಾಭಾವಿಕ ರಬ್ಬರು ಮೆತ್ತಗೆ, ಚುರುಕಾಗಿ ಮಗುಚಿಕೊಳ್ಳುತ್ತದೆ, ಒರೆಸುವುದರಲ್ಲಿ ಇದನ್ನು ಮೀರಿಸುವುದು ಕಷ್ಟ. ಘರ್ಷಣೆ ಕಡಿಮೆಯಾಗಲೆಂದು ಅದರ ಅಂಚಿಗೆ ಗ್ರಾಫೈಟ್ ಲೇಪಿಸಿರುತ್ತಾರೆ. ಸಿಲಿಕೋನ್ ಬಿಸಿಲಿಗೂ ಓಝೋನಿಗೂ ಬಹಳ ಚೆನ್ನಾಗಿ ತಡೆಯುತ್ತದೆ, ಒರೆಸುತ್ತಾ ಗಾಜಿನ ಮೇಲೆ ನೀರು ನಿಲ್ಲದಂಥ ತೆಳುಪದರವನ್ನೂ ಬಿಡುತ್ತದೆ. ಕೆಸುವಿನೆಲೆಯ ಮೇಲಿನ ಹನಿಯಂತೆ ನೀರು ಉರುಳಿಹೋಗುತ್ತದೆ. ಆದರೆ ಸಣ್ಣ ಸೋನೆಯಲ್ಲಿ, ಗಾಜು ಅರೆಒಣಗಿದಾಗ ಕೀರಲು ಶಬ್ದ ಮಾಡುವುದು, ಮಂಜಿನಂಥ ಮಸುಕು ಬಿಡುವುದು ನನ್ನ ಅನುಭವಕ್ಕೆ ಬಂದಿದೆ. ಗಾಜು ಪೂರ್ತಿ ಶುಚಿಯಿದ್ದರೆ ಮಾತ್ರ ಅದು ತನ್ನ ಗುಣ ತೋರಿಸುತ್ತದೆ. ನಾನು ಕೊಂಡ ಜೋಡಿಗಳ ಲೆಕ್ಕದಲ್ಲಿ ಹೇಳುವುದಾದರೆ, ಸಾಧಾರಣ ಫ್ರೇಮ್ ಜೋಡಿಗೆ ಒಂದು ಪಾಲು ಹಣವಾದರೆ ಫ್ರೇಮ್‌ಲೆಸ್ಸಿಗೆ ಎರಡು ಪಾಲು, ಸಿಲಿಕೋನಿಗೆ ಮೂರು ಪಾಲಿಗೂ ಮಿಗಿಲು.

ನಿಮ್ಮ ಊರು ಯಾವುದು?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಸಾವಿರದ ಆಸುಪಾಸು. ವಿಜಯಪುರದ ಕಡೆ ಅದಕ್ಕಿಂತಲೂ ಬಹಳ ಕಡಿಮೆ. ಈ ಮೂರೂ ಕಡೆಯವರಿಗೆ ಒಂದೇ ಬ್ಲೇಡ್ ಒಳ್ಳೆಯದು ಎಂದು ಹೇಳುವುದು ಸರಿಯಲ್ಲ.

ಕರಾವಳಿ, ಮಲೆನಾಡಿನವರಿಗೆ ರಬ್ಬರು ಸವೆತದಿಂದ ಹೋಗುತ್ತದೆ. ಮೃಗಶಿರದಿಂದ ಮಘೆಯವರೆಗೆ ದಿನವೂ ಗಂಟೆಗಟ್ಟಲೆ ಓಡುವ ವೈಪರ್ ಅದು. ಇಲ್ಲಿ ದುಬಾರಿ ಬ್ಲೇಡನ್ನು ಮೂರು ವರ್ಷ ಎಳೆಯುವುದಕ್ಕಿಂತ, ಹೆಸರಾಂತ ಕಂಪನಿಯ ಸಾಧಾರಣ ಫ್ರೇಮ್ ಬ್ಲೇಡನ್ನು ಪ್ರತಿ ವರ್ಷ ಮೇ ಕೊನೆಯಲ್ಲಿ, ರೋಹಿಣಿ ಮಳೆಯ ಹೊತ್ತಿಗೆ, ತಪ್ಪದೆ ಬದಲಾಯಿಸುವುದೇ ಮೇಲು. ಕೀಲಿಗೆ ತುಕ್ಕು ಹತ್ತುವಷ್ಟರಲ್ಲಿ ಬ್ಲೇಡೇ ಹೋಗಿರುತ್ತದೆ. ಶಿರಾಡಿ, ಸಂಪಾಜೆ, ಚಾರ್ಮಾಡಿ ದಾಟಿ ಹೆದ್ದಾರಿಯಲ್ಲಿ ಹೆಚ್ಚು ಓಡಾಡುವವರು ಫ್ರೇಮ್‌ಲೆಸ್ ಹಾಕಿಸಿಕೊಳ್ಳಲಿ; ಅದನ್ನೂ ಎರಡು ಮಳೆಗಾಲಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ಬೇಡ.

ಬೆಂಗಳೂರಿನದು ಬೇರೆ ಕಥೆ. ಇಲ್ಲಿ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದೂ ಸಂಜೆಯ ಹೊತ್ತು. ಬೀದಿಯಲ್ಲಿ ನಿಲ್ಲಿಸಿದ ಕಾರಿನ ಮೇಲೆ ವರ್ಷವಿಡೀ ಧೂಳು ಕೂರುತ್ತದೆ. ಬೆಳಿಗ್ಗೆ ಹೊರಡುವ ಅವಸರದಲ್ಲಿ ಒಣಗಾಜಿನ ಮೇಲೆ ವೈಪರ್ ಎಳೆದು ಧೂಳು ಹೊಡೆಯುವ ಅಭ್ಯಾಸ ಬಹಳ ಜನಕ್ಕಿದೆ. ನಗರದಲ್ಲಿ ಮಳೆಗಿಂತ ಹೆಚ್ಚಾಗಿ ರಬ್ಬರನ್ನು ಕೊಲ್ಲುವುದು ಆ ಅಭ್ಯಾಸವೇ. ಫ್ರೇಮ್ ಆಗಲಿ, ಫ್ರೇಮ್‌ಲೆಸ್ ಆಗಲಿ ಇಲ್ಲಿ ನಡೆಯುತ್ತದೆ. ಧೂಳನ್ನು ಮೊದಲು ಬಟ್ಟೆಯಿಂದ ಹೊಡೆಯಿರಿ, ಇಲ್ಲವೇ ನೀರು ಚಿಮ್ಮಿಸಿ ಆಮೇಲೆ ವೈಪರ್ ಹಾಕಿ. ಚಿಮ್ಮಿಸುವ ನೀರಿನ ಟ್ಯಾಂಕಿಗೆ ಬೋರ್‌ವೆಲ್ ನೀರು ಬೇಡ, ಶುದ್ಧೀಕರಿಸಿದ ಕುಡಿಯುವ ನೀರು ಹಾಕಿ. ತಲೆಗೆ ಹಾಕುವ ಶಾಂಪೂ ಬೆರೆಸುವವರನ್ನು ನೋಡಿದ್ದೇನೆ, ಅದು ಗಾಜಿನ ಮೇಲೆ ಜಿಡ್ಡು ಬಿಡುತ್ತದೆ.

ವಿಜಯಪುರ, ಕಲಬುರಗಿ, ರಾಯಚೂರಿನಲ್ಲಿ ಶತ್ರು ಬಿಸಿಲು. ಸವೆಯುವ ಮೊದಲೇ ರಬ್ಬರು ಬಿರಿಯುತ್ತದೆ. ನೆರಳಿಲ್ಲದ ಕಡೆ ಕಾರು ನಿಲ್ಲಿಸುವವರಿಗೆ ಸಿಲಿಕೋನಿನ ಹೆಚ್ಚಿನ ಬೆಲೆ ನ್ಯಾಯವಾಗಿ ವಸೂಲಾಗುವುದು ಇಲ್ಲಿ. ಬಿಸಿಲಿನಲ್ಲಿ ವೈಪರನ್ನು ಎತ್ತಿ ನಿಲ್ಲಿಸುವುದರ ಬಗ್ಗೆ ಚರ್ಚೆ ಇದ್ದೇ ಇದೆ. ಒಂದು ಮಧ್ಯಾಹ್ನಕ್ಕೆ ತೊಂದರೆಯಿಲ್ಲ. ದಿನವೂ ಎತ್ತಿಟ್ಟರೆ ಆರ್ಮಿನ ಸ್ಪ್ರಿಂಗ್ ಎಳೆದುಕೊಂಡೇ ಇರುತ್ತದೆ. ಸ್ಪ್ರಿಂಗ್ ಸಡಿಲವಾದರೆ ಯಾವ ಬ್ಲೇಡೂ ಗಾಜಿಗೆ ಒತ್ತಿ ನಿಲ್ಲುವುದಿಲ್ಲ. ಗಾಜಿಗೆ ಒಂದು ಮರೆ ಹಾಸುವುದು, ನೆರಳು ಹುಡುಕುವುದು ಇದಕ್ಕಿಂತ ಒಳ್ಳೆಯದು.

ಟೊರಾಂಟೊ, ಶಿಕಾಗೊ ಕಡೆಯ ನಮ್ಮವರು ಈ ಲೆಕ್ಕವನ್ನು ಬಿಟ್ಟು ಫ್ರೇಮ್‌ಲೆಸ್ ಹಾಕಿಸಿ. ಹಿಮ ಕೀಲಿನೊಳಗೆ ಗಟ್ಟಿಯಾದರೆ ಫ್ರೇಮ್ ಬ್ಲೇಡ್ ನಿಷ್ಪ್ರಯೋಜಕ. ಆದರೆ ಅಲ್ಲಿಂದ ಊರಿಗೆ ಬರುವಾಗ ಅಣ್ಣನ ಕಾರಿಗೆಂದು ಒಂದು ಜೋಡಿ ತರುವ ಮೊದಲು ಯೋಚಿಸಿ. ಅಲ್ಲಿ ಸ್ಟೀರಿಂಗ್ ಎಡಕ್ಕೆ, ಇಲ್ಲಿ ಬಲಕ್ಕೆ. ಗಾಳಿ ತಡೆಯುವ ರೆಕ್ಕೆ ಒಂದೇ ಮಗ್ಗುಲಿಗಿರುವ ಬ್ಲೇಡುಗಳಲ್ಲಿ ಆ ರೆಕ್ಕೆ ಇಲ್ಲಿ ತಪ್ಪು ದಿಕ್ಕಿಗೆ ನಿಲ್ಲುತ್ತದೆ.

ಅಳತೆ ಮತ್ತು ಕೊಕ್ಕೆ

ಎರಡೂ ಬ್ಲೇಡ್ ಒಂದೇ ಉದ್ದವೆಂದು ಭಾವಿಸಬೇಡಿ. ಹೆಚ್ಚಿನ ಕಾರುಗಳಲ್ಲಿ ಚಾಲಕನ ಕಡೆಯದು ಉದ್ದ, ಪಕ್ಕದ್ದು ಗಿಡ್ಡ. ಕಾರಿನ ಕೈಪಿಡಿಯಲ್ಲಿ ಅಳತೆ ಇರುತ್ತದೆ. ಇಲ್ಲದಿದ್ದರೆ ಟೇಪಿನಿಂದ ಈಗಿರುವ ರಬ್ಬರನ್ನು ತುದಿಯಿಂದ ತುದಿಗೆ ಅಳೆಯಿರಿ. ಪೆಟ್ಟಿಗೆಯ ಮೇಲೆ ಇಂಚು ಅಥವಾ ಮಿಲಿಮೀಟರ್ ಬರೆದಿರುತ್ತಾರೆ: 16 ಇಂಚೆಂದರೆ 400, 20 ಎಂದರೆ 500, 22 ಎಂದರೆ 550, 24 ಎಂದರೆ 600 ಮಿಲಿಮೀಟರ್. ಒಂದಿಂಚು ದೊಡ್ಡದು ಹಾಕಿದರೆ ಹೆಚ್ಚು ಜಾಗ ಒರೆಸುತ್ತದೆಂಬ ಆಸೆ ಬೇಡ. ಎರಡು ಬ್ಲೇಡುಗಳು ಒಂದಕ್ಕೊಂದು ಬಡಿಯಬಹುದು, ತುದಿ ಗಾಜಿನ ಅಂಚಿನ ಬೀಡಿಂಗಿಗೆ ತಾಗಬಹುದು, ಮೋಟಾರಿಗೂ ಭಾರ.

ಆರ್ಮಿನ ತುದಿ ಹೇಗಿದೆ ನೋಡಿ. ನಮ್ಮಲ್ಲಿನ ಸಣ್ಣ, ಮಧ್ಯಮ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಯು ಆಕಾರದ ಕೊಕ್ಕೆ. ಹೊರದೇಶದ ಕಂಪನಿಗಳ ಕೆಲವು ಕಾರುಗಳಲ್ಲಿ ಒತ್ತುಗುಂಡಿಯ, ಪಕ್ಕಪಿನ್ನಿನ ಜೋಡಣೆಗಳಿವೆ. ಬ್ಲೇಡಿನ ಜೊತೆ ನಾಲ್ಕಾರು ಪ್ಲಾಸ್ಟಿಕ್ ಅಡಾಪ್ಟರುಗಳನ್ನು ಕೊಟ್ಟಿರುತ್ತಾರೆ. ನಿಮ್ಮದಕ್ಕೆ ಹೇಳಿ ಮಾಡಿಸಿದ ಅಡಾಪ್ಟರ್ ಇರುವುದನ್ನೇ ಆರಿಸಿ. ಹೇಗೋ ಕೂರಿಸಿದ್ದು ಅಲ್ಲಾಡುತ್ತದೆ, ಜೋರು ಮಳೆಯಲ್ಲಿ ಕಳಚಿ ಹಾರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಅಂಗಡಿ ಸಾಲಿಗೆ ಹೋಗುವುದಾದರೆ ಹಳೆಯ ಬ್ಲೇಡನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಪಕ್ಕದಲ್ಲಿಟ್ಟು ಹೋಲಿಸಿ. ಬಾಷ್, ವಾಲಿಯೊ, ಹೆಲ್ಲಾ ಕಂಪನಿಗಳದ್ದು, ಇಲ್ಲವೇ ನಿಮ್ಮ ಕಾರಿನ ಕಂಪನಿಯದ್ದೇ, ಮುಚ್ಚಿದ ಪೆಟ್ಟಿಗೆಯಲ್ಲಿ ಬಿಲ್ ಸಹಿತ ಕೊಳ್ಳಿ. ಸಿಗ್ನಲ್ಲಿನಲ್ಲಿ ಮಾರಲು ಬರುವುದನ್ನು ಕೊಳ್ಳಬೇಡಿ.

ಹಾಕುವ ಕ್ರಮ

ಹತ್ತು ನಿಮಿಷದ ಕೆಲಸ, ಸ್ಕ್ರೂಡ್ರೈವರ್ ಕೂಡ ಬೇಡ. ಆದರೆ ಎಲ್ಲಕ್ಕಿಂತ ಮೊದಲು ಒಂದು ದಪ್ಪ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಗಾಜಿನ ಮೇಲೆ ಹಾಸಿ. ಬ್ಲೇಡ್ ಬಿಚ್ಚಿದ ಮೇಲೆ ಆರ್ಮ್ ಬರಿ ಉಕ್ಕಿನ ಕೊಕ್ಕೆ, ಹಿಂದೆ ಬಿಗಿಯಾದ ಸ್ಪ್ರಿಂಗ್. ಅಪ್ಪನ ಕಾರಿಗೆ ಬ್ಲೇಡ್ ಹಾಕುತ್ತಿದ್ದಾಗ ಹೊಸದನ್ನು ಪೆಟ್ಟಿಗೆಯಿಂದ ತೆಗೆಯಲು ಅರೆಕ್ಷಣ ತಿರುಗಿದ್ದೆ. ಫಟ್ ಎಂದು ಶಬ್ದ ಬಂತು. ಕೊಕ್ಕೆ ಬಡಿದ ಜಾಗದಲ್ಲಿ ಕಡಲೆಕಾಳಿನಷ್ಟು ನಕ್ಷತ್ರ, ಅದರಿಂದ ಒಂದು ಎಳೆ ಮೆಲ್ಲಗೆ ಮೇಲಕ್ಕೆ ಹರಿದದ್ದನ್ನು ಕಣ್ಣಾರೆ ನೋಡಿದೆ. ಇಡೀ ಗಾಜು ಬದಲಾಯಿಸಬೇಕಾಯಿತು.

ಆರ್ಮನ್ನು ಎತ್ತಿ ನಿಲ್ಲಿಸಿ. ಕೆಲವು ಕಾರುಗಳಲ್ಲಿ ಆರ್ಮ್ ಬಾನೆಟ್ಟಿನ ಅಂಚಿನಡಿ ಅಡಗಿರುತ್ತದೆ, ಅವನ್ನು ಬಲವಂತವಾಗಿ ಎತ್ತಿದರೆ ಬಣ್ಣ ಕೀಳುತ್ತದೆ. ಅಂಥವಕ್ಕೆ ವೈಪರನ್ನು ಗಾಜಿನ ಮಧ್ಯಕ್ಕೆ ತರುವ ಸರ್ವಿಸ್ ಸ್ಥಿತಿ ಇರುತ್ತದೆ, ಕೈಪಿಡಿ ನೋಡಿ. ಯು ಕೊಕ್ಕೆಯದಾದರೆ ಬ್ಲೇಡನ್ನು ಆರ್ಮಿಗೆ ಅಡ್ಡಲಾಗಿ ತಿರುಗಿಸಿ, ನಡುವಿನ ಪ್ಲಾಸ್ಟಿಕ್ ನಾಲಗೆಯನ್ನು ಒತ್ತಿ, ಬ್ಲೇಡನ್ನು ಆರ್ಮಿನ ಬುಡದ ಕಡೆಗೆ ತಳ್ಳಿ. ಕೊಕ್ಕೆಯಿಂದ ಜಾರಿ ಬರುತ್ತದೆ. ಜಗ್ಗಬೇಡಿ, ಬರದಿದ್ದರೆ ನಾಲಗೆ ಸರಿಯಾಗಿ ಒತ್ತಿಲ್ಲ ಎಂದರ್ಥ. ಹೊಸದನ್ನು ಅದೇ ದಾರಿಯಲ್ಲಿ ತೂರಿಸಿ, ತುದಿಯ ಕಡೆಗೆ ಎಳೆಯಿರಿ. ಟಕ್ ಎಂಬ ಶಬ್ದ ಕೇಳಿಸಬೇಕು. ಕೇಳಿಸಿದ ಮೇಲೂ ಒಮ್ಮೆ ಎಳೆದು ನೋಡಿ. ಒಂದು ಕಡೆ ಮುಗಿಸಿ, ಆರ್ಮನ್ನು ಕೈಯಲ್ಲಿ ಹಿಡಿದೇ ಗಾಜಿಗೆ ಇಳಿಸಿ, ಆಮೇಲೆ ಇನ್ನೊಂದು ಕಡೆಗೆ ಹೋಗಿ. ಉದ್ದದ್ದು, ಗಿಡ್ಡದ್ದು ಅದಲುಬದಲಾಗದಿರಲಿಕ್ಕೆ ಇದೇ ಸುಲಭದ ದಾರಿ.

ಹೊಸ ರಬ್ಬರಿನ ಅಂಚಿಗೆ ಹಳದಿ ಅಥವಾ ಪಾರದರ್ಶಕ ಪ್ಲಾಸ್ಟಿಕ್ಕಿನ ತೆಳು ಕವಚ ಹಾಕಿರುತ್ತಾರೆ. ಅದನ್ನು ತೆಗೆಯದೆಯೇ ವಾರಗಟ್ಟಲೆ ಓಡಿಸಿ, ಹೊಸದು ಸರಿಯಾಗಿ ಒರೆಸುತ್ತಿಲ್ಲ ಎಂದು ಅಂಗಡಿಗೆ ವಾಪಸು ಬಂದವರನ್ನು ನೋಡಿದ್ದೇನೆ. ಉಗುರಿನಿಂದ ತಡವಿ ಖಚಿತಪಡಿಸಿಕೊಳ್ಳಿ, ಆದರೆ ಅಂಚನ್ನು ಬೆರಳಿನಿಂದ ಪದೇಪದೇ ಉಜ್ಜಬೇಡಿ. ಗ್ರಾಫೈಟ್ ಲೇಪ ಹೋಗುತ್ತದೆ.

ಇನ್ನು ಗಾಜಿಗೆ ಧಾರಾಳವಾಗಿ ನೀರು ಹಾಕಿ ಮೊದಲು ನಿಧಾನ ವೇಗದಲ್ಲಿ, ಆಮೇಲೆ ಜೋರಾಗಿ ಓಡಿಸಿ ನೋಡಿ. ಹಗಲು ಸರಿ ಕಂಡರೂ, ಅಂದೇ ರಾತ್ರಿ ಎದುರಿನಿಂದ ದೀಪ ಬೀಳುವ ಕಡೆ ಕಾರು ನಿಲ್ಲಿಸಿ ಇನ್ನೊಮ್ಮೆ ಪರೀಕ್ಷಿಸಿ. ಹಗಲಿಗೆ ಕಾಣದ ಕಮಾನು ಆಗ ಕಾಣುತ್ತದೆ. ಬಿಚ್ಚಿದ ಹಳೆಯ ಜೋಡಿಯಲ್ಲಿ ಚಾಲಕನ ಕಡೆಯ ಉದ್ದದ ಬ್ಲೇಡನ್ನು ಒರೆಸಿ, ಕಾಗದ ಸುತ್ತಿ ಡಿಕ್ಕಿಯಲ್ಲಿಟ್ಟುಕೊಳ್ಳಿ. ಘಾಟಿಯ ನಡುವೆ ಹೊಸದಕ್ಕೆ ಏನಾದರೂ ಆದರೆ ಮುಂದಿನ ಊರು ಮುಟ್ಟುವಷ್ಟು ದೂರ ಅದು ಒರೆಸಿಕೊಡುತ್ತದೆ.